ಪರಚಿದ್ದಕ್ಕೆ ಗಡೀಪಾರೇ?

ಹೋದ ತಿಂಗಳು ನಮ್ಮ ಮನೆಯ ಬೆಕ್ಕು ಕಳುವಾಯಿತು. ಕದ್ದವರು ಇಬ್ಬರು. ಒಬ್ಬರು ನನ್ನ ಗಂಡ, ಇನ್ನೊಬ್ಬಳು ನನ್ನ ನಾದಿನಿ.

ಪೊಲೀಸರಿಗೆ ಕಂಪ್ಲೇಂಟ್ ಕೊಡಲಿಲ್ಲ. (ಕೊಟ್ಟಿದ್ದರೆ ಚಹಾ ಕುಡಿಸಿ, ನಕ್ಕು ಕಳಿಸುತ್ತಿದ್ದರು.) ಆದರೆ ಕೇಸನ್ನು ನಿಮ್ಮ ಮುಂದಾದರೂ ಇಡದೆ ನನಗೆ ಸಮಾಧಾನವಿಲ್ಲ.

ಮೊದಲು ಬೆಕ್ಕಿನ ಪರಿಚಯ. ಹೆಸರು ಗೌಡಶಾನಿ. ಬೂದು ಮೈ, ಬಿಳಿ ಎದೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅದು ಊರಗೌಡರ ಹೆಂಡತಿಯ ಹಾಗೆ ನಡೆಯುವ ಠೀವಿ ನೋಡಿ ನಮ್ಮ ಅತ್ತೆ ನೀಲವ್ವ ಇಟ್ಟ ಹೆಸರು. ನಾನು ಹೈಸ್ಕೂಲ್ ಟೀಚರ್, ಬೆಳಿಗ್ಗೆ ಹೋದರೆ ಸಂಜೆ ಬರುವವಳು. ನಮ್ಮ ಮನೆಯವರದು ಮೊಬೈಲ್ ಅಂಗಡಿ. ಹಗಲೆಲ್ಲ ಮನೆಯಲ್ಲಿ ಅತ್ತೆ ಮತ್ತು ಗೌಡಶಾನಿ, ಇಬ್ಬರೇ. ಅವರಿಬ್ಬರ ನಡುವೆ ಏನೇನು ಮಾತಾಗುತ್ತದೋ ನನಗೆ ಗೊತ್ತಿಲ್ಲ. ನಾನು ಬಾಗಿಲು ತೆರೆದರೆ ಮಾತು ನಿಲ್ಲುತ್ತದೆ.

ಆವತ್ತು ಭಾನುವಾರ. ಅತ್ತೆ ಪಡಸಾಲೆಯಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು. ತೊಡೆಯ ಮೇಲೆ ಬೆಕ್ಕು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಗೌಡಶಾನಿ ಬೆದರಿ ಜಿಗಿಯಿತು. ಜಿಗಿಯುವಾಗ ಅತ್ತೆಯ ಮುಂಗೈ ಮೇಲೆ ಉದ್ದಕ್ಕೆ ಗೀರಿತು. ರಕ್ತ ಬಂತು.

ಪಕ್ಕದ ಮನೆಯ ಗಂಗಕ್ಕ ಸುಣ್ಣದ ಡಬ್ಬಿ ಹಿಡಿದು ಓಡಿ ಬಂದಳು. "ಸುಣ್ಣಾ ಅರಿಷಿಣ ಕಲಸಿ ಹಚ್ಚೂಣು, ಸಂಜಿಕ ಒಣಗತೈತಿ."

"ಏನೂ ಹಚ್ಚೂದು ಬ್ಯಾಡ ಗಂಗಕ್ಕಾ" ಎಂದೆ. ಅತ್ತೆಯ ಕೈಯನ್ನು ನಳದ ಕೆಳಗೆ ಹಿಡಿದು, ಸೋಪು ಹಚ್ಚಿ ತೊಳೆದೆ. ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆಯಬೇಕು. ನೀವು ಯಾವತ್ತಾದರೂ ತೊಳೆದು ನೋಡಿ, ಅದೆಷ್ಟು ಉದ್ದದ ಹೊತ್ತು ಅಂತ. ಆಮೇಲೆ ಸೀದಾ ದವಾಖಾನೆ.

ಅಲ್ಲಿ ಒಬ್ಬ ಲೇಡಿ ಡಾಕ್ಟರ್ ಗಾಯ ನೋಡಿ, ಸೂಜಿ ಮಾಡಿ, ಮತ್ತೆ ಯಾವಾಗ ಬರಬೇಕೆಂದು ಹೇಳಿದರು. ನಾಯಿ ಕಚ್ಚಿದರೆ ಮಾತ್ರ ರೇಬಿಸ್ ಎಂದು ನಾವು ತಿಳಿದಿರುತ್ತೇವೆ. ಬೆಕ್ಕು ಕಚ್ಚಿದರೂ ಪರಚಿದರೂ ಸೂಜಿ ಬೇಕು. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು: "ಬೆಕ್ಕನ್ನ ಹತ್ತು ದಿನ ಕಣ್ಣ ಮುಂದ ಇಟ್ಕೋರಿ. ಅದು ಆರಾಮ ಐತೋ ಇಲ್ಲೋ ನೋಡ್ಬೇಕು."

ಕಣ್ಣ ಮುಂದೆ. ಈ ಎರಡು ಶಬ್ದ ದಯವಿಟ್ಟು ನೆನಪಿಡಿ.

ಒಂದು ವಾರ ಕಳೆದಿತ್ತು. ಗಾಯ ಇನ್ನೂ ಕೆಂಪಗಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ, ಗಾಯ ಬೇಗ ಒಣಗುವುದಿಲ್ಲ. ಒಂದು ಬೆಳಿಗ್ಗೆ ಅವರು ಕುಪ್ಪಸ ಹಾಕಿಕೊಳ್ಳುವಾಗ "ಹಾ" ಎಂದು ಚೀರಿದರು. ಬಗಲಲ್ಲಿ ಅಡಿಕೆ ಗಾತ್ರದ ಗಂಟು. ಮೈ ಸುಡುವ ಜ್ವರ.

ಗಂಟು ಅಂದ ಕೂಡಲೇ ಮನೆಯಲ್ಲಿ ಯಾರ ಮನಸ್ಸಿಗೆ ಏನು ಬಂತು ಎಂದು ಬಿಡಿಸಿ ಹೇಳಬೇಕೆ? ಆ ರೋಗದ ಹೆಸರನ್ನು ಯಾರೂ ಎತ್ತಲಿಲ್ಲ. ನನ್ನ ಗಂಡ ಅಂಗಡಿ ತೆರೆಯಲಿಲ್ಲ. ನರಗುಂದದಿಂದ ನಾದಿನಿ ಶಾಂತಾ ಸಿಕ್ಕ ಬಸ್ಸು ಹಿಡಿದು ಬಂದಳು. ಬಂದವಳೇ ತಾಯಿಯ ತಲೆ ನೇವರಿಸಿ ಅತ್ತಳು. ನಾನೂ ಅಡುಗೆಮನೆಯಲ್ಲಿ ನಿಂತು ಅತ್ತೆ. (ಅತ್ತೆ ಅಂದರೆ ಇಲ್ಲಿ ಕಣ್ಣೀರು ಹಾಕಿದೆ ಅಂತ ಓದಿಕೊಳ್ಳಿ.)

ಡಾಕ್ಟರ್ ಗಂಟು ಮುಟ್ಟಿ ನೋಡಿದರು, ರಕ್ತ ತಪಾಸಣೆ ಮಾಡಿಸಿದರು. ಆಮೇಲೆ ಹೇಳಿದರು: "ಹೆದರಬ್ಯಾಡ್ರಿ. ಇದು ಬೆಕ್ಕು ಪರಚಿದ್ದರಿಂದ ಬಂದ ಜ್ವರ ಅನ್ನಿಸ್ತೈತಿ. ಬೆಕ್ಕಿನ ಮೈಯಾಗ ಚಿಕ್ಕಾಡು, ಚಿಗಟ ಇರ್ತಾವಲ್ಲ, ಅವುಗಳ ಹೊಲಸು ಉಗುರಿಗೆ ಹತ್ತಿ, ಗಾಯದಾಗ ಹೋಗತೈತಿ. ಗುಳಿಗಿ ಕೊಡ್ತೀನಿ. ಗಂಟು ಸಾವಕಾಶ ಇಳೀತೈತಿ. ಇಳೀಲಿಲ್ಲಂದ್ರ ಮತ್ತ ಬರ್ರಿ."

ನನಗೆ ಕೇಳಿಸಿದ್ದು "ಹೆದರಬ್ಯಾಡ್ರಿ". ಶಾಂತಾಳಿಗೆ ಕೇಳಿಸಿದ್ದು "ಬೆಕ್ಕು".

ನಾನು ಅತ್ತೆಯನ್ನು ಮನೆಗೆ ಬಿಟ್ಟು, ಗುಳಿಗೆ ನುಂಗಿಸಿ, ಮಧ್ಯಾಹ್ನದ ಕ್ಲಾಸಿಗೆ ಹೋದೆ. ಅತ್ತೆ ಮಲಗಿದರು. ಆಗಲೇ ಕಳ್ಳತನ ನಡೆಯಿತು. ಅಣ್ಣ ಗೋಣಿಚೀಲದ ಬಾಯಿ ಹಿಡಿದ, ತಂಗಿ ಬೆಕ್ಕನ್ನು ಒಳಗೆ ಹಾಕಿದಳು. ಬೈಕು ಪಕ್ಕದೂರು ಸೂಡಿಯ ರಸ್ತೆ ಹಿಡಿಯಿತು.

ಸಂಜೆ ಬಂದು ನೋಡುತ್ತೇನೆ, ಅತ್ತೆ ಎದ್ದು ಗೋಡೆಗೆ ಒರಗಿ ಕೂತಿದ್ದಾರೆ. ಮುಖ ಗಂಟು.

"ಗೌಡಶಾನಿ ಎಲ್ಲೈತಿ?" ಎಂದೆ.

"ಸೂಡ್ಯಾಗ ಬಿಟ್ಟು ಬಂದೇವಿ ವೈನಿ" ಎಂದಳು ಶಾಂತಾ. "ಇನ್ನ ಆರಾಮ ಇರ್ರಿ. ನಿಮಗ ಬೆಕ್ಕು ಹೆಚ್ಚೋ, ನಮ್ಮವ್ವ ಹೆಚ್ಚೋ?"

ಇಂಥ ಪ್ರಶ್ನೆಗೆ ಸೊಸೆಯಾದವಳು ಏನು ಉತ್ತರ ಕೊಟ್ಟರೂ ತಪ್ಪೇ. ಆದರೆ ಶಾಂತಾಳ ಹೆದರಿಕೆ ಸುಳ್ಳಲ್ಲ. ಆ ಗಂಟನ್ನು ನಾನೂ ಮುಟ್ಟಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು.

"ಪರಚಿಸಿಕೊಂಡಾಕಿ ನಾನು. ಜ್ವರಾ ಬಂದಿದ್ದು ನನಗ. ಬೆಕ್ಕು ನಂದು. ನನ್ನನ್ನ ಒಂದ ಮಾತು ಕೇಳಿದ್ರೇನು? ನಾ ಏನು ಸತ್ತೇನಂತ ತಿಳಕೊಂಡ್ರಿ?"

ನನ್ನ ಗಂಡ ಮೊಬೈಲಿನಲ್ಲಿ ಏನೋ ಭಾರಿ ಮಹತ್ವದ್ದನ್ನು ಓದತೊಡಗಿದರು.

ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ನಾನು ಶಾಲೆಗೆ ರಜೆ ಹಾಕಿ, ಮುಚ್ಚಳದ ಬುಟ್ಟಿ, ದಪ್ಪ ಟವೆಲ್ ತೆಗೆದುಕೊಂಡು ಸ್ಕೂಟಿ ಹೊರಗೆ ತಂದೆ. ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು. "ನಿನ್ನ ದನಿಗೆ ಅದು ಬರಾಂಗಿಲ್ಲ ಸರೋಜಾ. ನಡಿ." ಶಾಂತಾ ಅಡ್ಡ ಬಂದಳು. ಅತ್ತೆ ಅವಳನ್ನು ಬಳಸಿ ಬಂದು ಹಿಂದಿನ ಸೀಟಿನಲ್ಲಿ ಕೂತರು.

ಸೂಡಿಯಲ್ಲಿ ಊರ ಅಂಚಿನ ಮನೆಯ ಮುಂದೆ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ಬೂದು ಬಣ್ಣದ ಬೆಕ್ಕು ನೋಡಿದಿರಾ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

"ನಿನ್ನೆ ಚೀಲಾ ಬಿಚ್ಚಿ ಓಡಿ ಹ್ವಾದವ್ರು ನಿಮ್ಮವ್ರೇನ್ರಿ? ನಮ್ಮೂರೇನು ನಿಮ್ಮೂರ ತಿಪ್ಪಿ ಏನ್ರಿ? ಬ್ಯಾಡಾದ ಬೆಕ್ಕು, ಬ್ಯಾಡಾದ ನಾಯಿ, ಎಲ್ಲಾ ತಂದು ಇಲ್ಲೇ ಒಗೀತೀರಿ. ನಮ್ಮ ಮನ್ಯಾಗ ಸಣ್ಣ ಹುಡುಗ್ರು ಇಲ್ಲೇನು? ಅವ್ರನ್ನ ಪರಚಾಂಗಿಲ್ಲೇನು?"

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಮ್ಮ ಮನೆಯ ಅಪಾಯವನ್ನು ಚೀಲಕ್ಕೆ ತುಂಬಿ ಅವಳ ಮನೆ ಮುಂದೆ ಸುರಿದು ಬಂದಿದ್ದೆವು. ಅದೂ ಹತ್ತು ದಿನ ಕಣ್ಣ ಮುಂದೆ ಇಟ್ಟುಕೊಳ್ಳಿ ಎಂದು ಡಾಕ್ಟರ್ ಹೇಳಿದ್ದ ಬೆಕ್ಕನ್ನು! ಅಪಾಯ ಕಡಿಮೆಯಾಯಿತೆ? ಇಲ್ಲ, ವಿಳಾಸ ಬದಲಾಯಿತು ಅಷ್ಟೆ.

"ತಪ್ಪಾತವಾ" ಎಂದರು ಅತ್ತೆ. "ಅದಕ್ಕ ಹೊಳ್ಳಿ ಒಯ್ಯಾಕ ಬಂದೇವಿ."

ಅವಳ ಸಿಟ್ಟು ಸ್ವಲ್ಪ ಇಳಿಯಿತು. ಸೆರಗಿನಿಂದ ಕೈ ಒರೆಸಿಕೊಂಡು, ದನಿ ತಗ್ಗಿಸಿದಳು. "ಖರೇ ಹೇಳ್ಬೇಕಂದ್ರ, ಹ್ವಾದ ವರ್ಷ ನಮ್ಮ ಮನಿಯವ್ರೂ ಒಂದು ಬೆಕ್ಕನ್ನ ರಾಜೂರಿಗೆ ಬಿಟ್ಟು ಬಂದಾರ್ರಿ."

ರಾಜೂರಿನವರು ತಮ್ಮದನ್ನು ಎಲ್ಲಿ ಬಿಡುತ್ತಾರೋ ನಾನು ವಿಚಾರಿಸಲಿಲ್ಲ. ಗಜೇಂದ್ರಗಡ ಅಂದುಬಿಟ್ಟರೆ?

ಗೌಡಶಾನಿ ಆ ಮನೆಯ ಹಿಂದಿನ ಮೇವಿನ ಬಣವೆಯ ಮೇಲಿತ್ತು. ಅತ್ತೆ ಕರೆದರು. ಬರಲಿಲ್ಲ. ಮುಖ ತಿರುಗಿಸಿತು. ಮತ್ತೆ ಕರೆದರು, ಒಂದಿಷ್ಟು ಬೈದರು, ಕೊನೆಗೆ ದನಿ ನಡುಗಿತು. ಆಗ ಇಳಿದು ಬಂತು. ಅತ್ತೆ ಎರಡೂ ಕೈ ಚಾಚಿದರು.

"ಅತ್ತಿ, ಕೈ ಹಿಂದಕ ತಗೋರಿ. ಮದ್ಲ ಟವೆಲ್" ಎಂದೆ.

ಬೆದರಿದ ಬೆಕ್ಕಿನ ಉಗುರಿಗೆ ಯಾರು ಪ್ರೀತಿಯವರು ಎಂದು ತಿಳಿಯುವುದಿಲ್ಲ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು, ಆದರೆ ಕೈ ತೆಗೆದರು. ನಾನು ಟವೆಲ್ ಸುತ್ತಿ ಬುಟ್ಟಿಗಿಟ್ಟೆ.

ವಾಪಸ್ ಬರುತ್ತಾ ದನದ ದವಾಖಾನೆಗೆ ಹೋದೆವು. ಎಮ್ಮೆ, ಎತ್ತುಗಳ ಸಾಲಿನಲ್ಲಿ ನಮ್ಮ ಬುಟ್ಟಿ ನೋಡಿ ನಾಲ್ಕು ಜನ ನಕ್ಕರು. ನಗಲಿ. ಡಾಕ್ಟರ್ ಬೆಕ್ಕನ್ನು ಪರೀಕ್ಷಿಸಿ, ಚಿಕ್ಕಾಡಿಗೆ ಔಷಧ ಕೊಟ್ಟು, ಲಸಿಕೆಗೆ ಯಾವಾಗ ತರಬೇಕೆಂದು ಹೇಳಿದರು. ಉಗುರಿನ ಬಿಳಿ ತುದಿಯನ್ನಷ್ಟೇ ಹೇಗೆ ಕತ್ತರಿಸಬೇಕು, ಒಳಗಿನ ಗುಲಾಬಿ ಭಾಗ ಯಾಕೆ ಮುಟ್ಟಬಾರದು ಎಂದು ತೋರಿಸಿದರು.

ಈಗ ನಮ್ಮ ಮನೆಯಲ್ಲಿ ಕಾಯ್ದೆ ಬಂದಿದೆ. ಉಗುರು ಕತ್ತರಿಸುವುದು ನನ್ನ ಕೆಲಸ, ಬೆಕ್ಕನ್ನು ಟವೆಲ್ಲಿನಲ್ಲಿ ಹಿಡಿಯುವುದು ಕಳ್ಳತನದಲ್ಲಿ ಪಾಲಿದ್ದ ನಮ್ಮ ಮನೆಯವರದು. (ಶಿಕ್ಷೆ ಅಂತಲೇ ಇಟ್ಟುಕೊಳ್ಳಿ.) ಅತ್ತೆ ಬೆಕ್ಕನ್ನು ತೊಡೆಗೆ ಕರೆಯುವ ಮೊದಲು ಉದ್ದ ತೋಳಿನ ಸ್ವೆಟರ್ ಹಾಕಿಕೊಳ್ಳಬೇಕು, ತೊಡೆ ಮೇಲೆ ಕೌದಿ ಹಾಸಬೇಕು. ಬರಿಗೈ ಆಟ ಬಂದ್. ಗಾಯವಿದ್ದ ಕಡೆ ನೆಕ್ಕಿಸುವುದು ಬಂದ್. ಕುಕ್ಕರ್ ಇಟ್ಟಾಗ ಬೆಕ್ಕು ತೊಡೆಯ ಮೇಲಿರುವಂತಿಲ್ಲ. ಇಷ್ಟಾಗಿಯೂ ಗೀರಿದರೆ ನಳ, ಸೋಪು, ದವಾಖಾನೆ. ಸುಣ್ಣ ಗಂಗಕ್ಕನ ಎಲೆಯಡಿಕೆಗೇ ಇರಲಿ.

ಓಣಿಯವರು ಈಗಲೂ ಕೇಳುತ್ತಾರೆ, ಒಂದು ಬೆಕ್ಕಿಗೆ ಇಷ್ಟೆಲ್ಲ ಬೇಕಾ? ಬೇಕು. ನಮ್ಮ ಮನೆಯವರು ಬೈಕಿನಿಂದ ಬಿದ್ದು ಮೊಣಕಾಲು ಒಡೆದುಕೊಂಡಾಗ ಯಾರೂ ಬೈಕನ್ನು ಚೀಲದಲ್ಲಿ ಕಟ್ಟಿ ಸೂಡಿಗೆ ಬಿಟ್ಟು ಬರಲಿಲ್ಲ. ಹೆಲ್ಮೆಟ್ ಹಾಕಿಕೋ ಎಂದೆವು. ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ನಿಂತು ದಿನಾ ರೊಟ್ಟಿ ಮಾಡುತ್ತೇವೆ. ಅಪಾಯದ ಜೊತೆ ಬದುಕುವುದು ನಮಗೆ ಗೊತ್ತು. ನಾಲ್ಕು ಕಾಲಿನದಾದರೆ ಮಾತ್ರ ಯಾಕೆ ಗಡೀಪಾರು?

ಗಂಟು ಪೂರ್ತಿ ಇಳಿದಿದೆ. ಸೂಜಿಗಳೂ ಮುಗಿದಿವೆ. ಬೆಕ್ಕು ಆರಾಮ, ಅತ್ತೆ ಇನ್ನೂ ಆರಾಮ. ಶಾಂತಾಳ ಸಿಟ್ಟು ಮಾತ್ರ ಇಳಿದಿಲ್ಲ. ಮೊನ್ನೆ ನರಗುಂದದಿಂದ ಫೋನ್ ಮಾಡಿದಳು. ಅತ್ತೆ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು, ಹಾಗಾಗಿ ಓಣಿಗೆಲ್ಲ ಕೇಳಿಸಿತು.

"ಯವ್ವಾ, ಅದು ನಾಳೆ ಮತ್ತ ಪರಚಿದ್ರ ಏನ್ ಮಾಡ್ತಿ?"

"ತೊಳಕೊಂತೀನಿ, ದವಾಖಾನಿಗೆ ಹೋಗ್ತೀನಿ" ಎಂದರು ಅತ್ತೆ, ಸ್ವೆಟರಿನ ತೋಳು ಎಳೆದುಕೊಳ್ಳುತ್ತಾ. "ಸಣ್ಣಾಕಿದ್ದಾಗ ನೀ ನನ್ನ ಭುಜಾ ಕಚ್ಚಿ ರಕ್ತಾ ತಗದಿದ್ದಿ ಶಾಂತಾ, ನಿನ್ನನ್ನ ಯಾವೂರಿಗೆ ಬಿಟ್ಟು ಬಂದಿದ್ನವಾ?"