ಗ್ರೀಸ್ ಬೇಡವೆಂದ ಸಿಲಿಂಡರ್

ಬೆರಳ ತುದಿಗೆ ಗ್ರೀಸ್ ತೆಗೆದು ಸಿಲಿಂಡರಿನ ವಾಲ್ವಿಗೆ ಸವರಬೇಕು ಎನ್ನುವಷ್ಟರಲ್ಲಿ ಮುಳುಗುಗಾರ ಶೇಖರ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. “ಬೇಡ ಮಾರಾಯ್ರೆ, ಇದ್ರಲ್ಲಿರೋದು ಆಕ್ಸಿಜನ್ ಜಾಸ್ತಿ ಬೆರೆಸಿದ ಗಾಳಿ. ಜಿಡ್ಡು ತಾಗಿದ್ರೆ ಬೆಂಕಿ ಹತ್ತಿಕೊಳ್ತದೆ.”

ನರಸಿಂಹರಾಜಪುರದ ನನ್ನ ಅಂಗಡಿಗೆ ಬರುವುದೆಲ್ಲ ಅಡಿಕೆಗೆ ಔಷಧಿ ಹೊಡೆಯುವ ಪಂಪುಗಳು. ಅವುಗಳ ವಾಷರಿಗೆ ಗ್ರೀಸ್ ಹಚ್ಚಿ ಹಚ್ಚಿ ಕೈಗೆ ಅದೇ ರೂಢಿ. ಭದ್ರಾ ಹಿನ್ನೀರಿಗೆ ಬಿದ್ದಿದ್ದ ದೋಣಿಯ ಎಂಜಿನ್ ಎತ್ತಲು ಬಂದಿದ್ದ ಶೇಖರ ನೀರಿನಡಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್ ಸೋರುತ್ತಿತ್ತು. ಅದು ಸರಿಯಾಗದಿದ್ದರೆ ಆ ದೋಣಿ ನಡೆಸುವ ನಾಗೇಶನ ಸಂಪಾದನೆಯೇ ನೀರುಪಾಲು. ಮಜೂರಿ ಬೇಡ, ಎಂಜಿನ್ ಸಿಕ್ಕರೆ ಮೊದಲ ಸವಾರಿ ನನ್ನದು ಎಂದು ನಾನು ಆಗಲೇ ಚೌಕಾಸಿ ಮುಗಿಸಿದ್ದೆ.

ಕೈ ತೊಳೆದು ಬಂದು, ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿಸಿ, ಶೇಖರನೇ ತಂದಿದ್ದ ಹೊಸ ರಬ್ಬರ್ ರಿಂಗ್ ಕೂರಿಸಿದೆ. ಅವನು ಮತ್ತೆ ತುಂಬಿಸಿಕೊಂಡು ಬಂದಾಗ ಅಂಟುವಾಳದ ನೊರೆ ಬಳಿದು ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

ಮರುದಿನ ಎಂಜಿನ್ ದಡ ಸೇರಿತು. ನಾಗೇಶ ಕೆಸರು ಮೆತ್ತಿದ ಎಂಜಿನ್ನನ್ನೇ ತಬ್ಬಿಕೊಂಡು ನಕ್ಕ. ನೀರಿನಿಂದ ಮೇಲೆ ಬಂದ ಶೇಖರ ನನ್ನತ್ತ ತಿರುಗಿ, “ಈಗ ತೆಗೀರಿ ನಿಮ್ಮ ಗ್ರೀಸ್ ಡಬ್ಬಿ. ಇದಕ್ಕೆ ಎಷ್ಟು ಬೇಕಾದ್ರೂ ಮೆತ್ತಿ” ಎಂದ.

ಎಂಜಿನ್ ಬಿಚ್ಚಿ ಒಣಗಿಸಿ ದೋಣಿಗೆ ಮತ್ತೆ ಕೂರಿಸಿದ ಮೇಲೆ, ಮಾತಿನಂತೆ ಮೊದಲ ಸವಾರಿ ನನಗೇ ಸಿಕ್ಕಿತು. ಹೊಸ ವಸ್ತು ಕೈಗೆ ಬಂದಾಗ ಹಳೇ ಕೈಚಳಕ ತೋರಿಸುವ ಮೊದಲು ತಂದವರನ್ನು ಒಂದು ಮಾತು ಕೇಳಿ. ಕೇಳಿದ್ದಕ್ಕೆ ಯಾವ ಅಂಗಡಿಯಲ್ಲೂ ಬಿಲ್ ಹಾಕುವುದಿಲ್ಲ.