ಬೀರು ಬಾಗಿಲಿನ ಚೀಟಿ

ಮಂಡ್ಯದಲ್ಲಿ ರಾತ್ರಿ ಹತ್ತಿದ ರೈಲು ಬೆಳಿಗ್ಗೆ ಏಳರ ಸುಮಾರಿಗೆ ಚೆನ್ನೈ ಸೆಂಟ್ರಲ್ ಮುಟ್ಟಿತು. ಆಗಲೇ ಮೈಯೆಲ್ಲ ಬೆವರುವಷ್ಟು ಸೆಕೆ. ಎರಡು ಇಡ್ಲಿ ತಿಂದು ಮಾಧವರಂ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನಿಂತೇ ಹೋದೆ. ಅಲ್ಲಿರುವ ನನ್ನ ಚಿಕ್ಕಮ್ಮನಿಗೆ ಮೂತ್ರದ ಸೋಂಕಾಗಿತ್ತು. ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬೀಡಿ ಕಟ್ಟಿಕೊಂಡು ಓದಿದ ಬಿ.ಎಸ್ಸಿ. ಹಾಗಾಗಿ ಯಾರಿಗೆ ಜ್ವರ ಬಂದರೂ ಫೋನು ನನಗೆ. ಹಿಂದಿನ ಸಲ ಚೆನ್ನೈಗೆ ಬಂದಾಗ, ನನ್ನ ಉರಿಮೂತ್ರ ವಾಸಿ ಮಾಡಿದ್ದ ಆ್ಯಂಟಿಬಯೋಟಿಕ್ ಮಾತ್ರೆಯ ಹೆಸರನ್ನು ಚಿಕ್ಕಮ್ಮನಿಗೆ ಬರೆದುಕೊಟ್ಟಿದ್ದೆ. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಬಿ.ಎಸ್ಸಿ.

ಆ ಚೀಟಿ ಚಿಕ್ಕಮ್ಮನ ಮನೆಯ ಬೀರು ಬಾಗಿಲಿನ ಒಳಗೆ ಇನ್ನೂ ಅಂಟಿಕೊಂಡಿತ್ತು.

“ಉರಿ ಬಂದಾಗೆಲ್ಲ ಎರಡು ದಿನ ನುಂಗ್ತಿದ್ದೆ ಕಣೆ, ಕಮ್ಮಿಯಾಗೋದು. ಮಿಕ್ಕಿದ್ದನ್ನ ಕೇಳ್ದೋರಿಗೆ ಕೊಡ್ತಿದ್ದೆ,” ಅಂದರು ಚಿಕ್ಕಮ್ಮ.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರಮ್ಮ ಲ್ಯಾಬ್ ರಿಪೋರ್ಟು ತೋರಿಸಿದರು. ಪಟ್ಟಿಯಲ್ಲಿದ್ದ ಮಾತ್ರೆಗಳಲ್ಲಿ ಒಂದೂ ನಾಟುವಂತಿರಲಿಲ್ಲ; ನಾನು ಬರೆದದ್ದೂ ಅದರಲ್ಲಿತ್ತು. ಇನ್ನು ಇಂಜೆಕ್ಷನ್ನೇ, ಏಳು ದಿನ.

“ಆಸ್ಪತ್ರೆಯಲ್ಲಿ ಒಂದು ದಿನವೂ ಮಲಗಿದವರಲ್ಲವಲ್ಲ ಇವರು?” ಎಂದೆ.

“ಮಾತ್ರೆಗೆ ಬಗ್ಗದ ಈ ರೋಗಾಣು ಈಗ ಆಸ್ಪತ್ರೆಯಲ್ಲಷ್ಟೇ ಇಲ್ಲಮ್ಮ. ಕೈಯಿಂದ, ನೀರಿಂದ ಮನೆಮನೆಗೂ ಹೋಗುತ್ತೆ. ಇವರಿಗೆ ಎಲ್ಲಿಂದ ಬಂತೋ ಹೇಳೋಕಾಗಲ್ಲ. ಅರ್ಧಂಬರ್ಧ ಮಾತ್ರೆ ನುಂಗಿದಷ್ಟೂ ಅದಕ್ಕೇ ಅನುಕೂಲ,” ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು.

ಮನೆಗೆ ಬಂದವಳೇ ಚೀಟಿ ಹರಿದೆ. ಚಿಕ್ಕಮ್ಮನ ಮಗಳು ನಕ್ಕಳು. “ಫೋಟೋ ಎಲ್ಲಾರ್‌ಕಿಟ್ಟೆಯೂ ಇರುಕ್ಕು, ಅಕ್ಕಾ.” ಚೀಟಿಯ ಫೋಟೋ ಎಲ್ಲರ ಹತ್ತಿರವೂ ಇದೆಯಂತೆ; ಇಡೀ ಮಹಡಿಯವರ ಫೋನಿನಲ್ಲಿ ನನ್ನ ಕೈಬರಹವಿತ್ತು.

ಆ ಮಾತ್ರೆ ನುಂಗಬೇಡಿ ಎಂದು ಹೇಳಲು ಒಂದೊಂದೇ ಬಾಗಿಲು ತಟ್ಟಿದೆ. ಪಕ್ಕದ ಮನೆಯ ಮಾಮಿ ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು.

“ನೀನೇ ಬರ್ದು ನೀನೇ ವೇಂಡಾಂ, ಬೇಡ ಅಂತೀಯಾ? ಯಾವ ಕಾಲೇಜಮ್ಮಾ ನಿಂದು?”

ಮುಖ ಕೆಂಪಾಯಿತು. “ಕಾಲೇಜು ಸರಿಯಾಗೇ ಕಲಿಸಿತ್ತು ಮಾಮಿ. ತಪ್ಪು ಬರೆದೋಳು ನಾನು. ತಿದ್ದಿಯೇ ಊರಿಗೆ ಹೋಗೋದು.”

ಮಾಮಿ ಒಳಗೆ ಹೋಗಿ, ಅರ್ಧ ಖಾಲಿಯಾದ ಮಾತ್ರೆ ಶೀಟು ತಂದು ನನ್ನ ಕೈಗಿಟ್ಟರು. ಅಂಥವು ಆ ಮಹಡಿಯಲ್ಲಿ ಒಂಬತ್ತು ಸಿಕ್ಕವು.

ಸಂಜೆ ಹೊಸ ಚೀಟಿ ಬರೆದೆ: ‘ಡಾಕ್ಟರು ನೋಡದೆ ಆ್ಯಂಟಿಬಯೋಟಿಕ್ ಮಾತ್ರೆ ಬೇಡ. ಅವರು ಕೊಟ್ಟರೆ ಹೇಳಿದಷ್ಟು ದಿನ ನುಂಗಿ. ಮಿಕ್ಕಿದ್ದನ್ನು ಯಾರಿಗೂ ಕೊಡಬೇಡಿ.’ ತಂಗಿ ಅದನ್ನೇ ತಮಿಳಿನಲ್ಲೂ ಬರೆದಳು. ಕೆಳಗೆ ಬರೀ ಹೆಸರು ಹಾಕಿ ಪೆನ್ನು ಮುಚ್ಚಿದೆ.

ಚಿಕ್ಕಮ್ಮ ಬಿಡಲಿಲ್ಲ. “ಡಿಗ್ರಿ ಹಾಕು. ಅದನ್ನ ನೋಡಿ ತಾನೆ ನಾವೆಲ್ಲ ನುಂಗಿದ್ದು? ಅದನ್ನೇ ನೋಡಿ ಬಿಡ್ತೀವಿ.”

ಹಾಕಿದೆ.

ಏಳನೇ ಇಂಜೆಕ್ಷನ್ ಆದ ಮಾರನೇ ದಿನ ಊರಿಗೆ ಹೊರಟೆ. ಬಸ್ ಸ್ಟಾಪಿನವರೆಗೂ ಚಿಕ್ಕಮ್ಮ ತಾವೇ ನಡೆದು ಬಂದರು.