ಪೇತ್ರ ಯಾರು, ರಾಯಪ್ಪ ಯಾರು?

“ಥೂ, ಅವನ ಬಾಯಿಗೆ ಮಣ್ಣಾಕ!”

ಮಂಗಳವಾರ ಸಂಜೆ ನಮ್ಮ ಅವ್ವ ಹೀಗೆ ಬೈದದ್ದು ಯಾರಿಗೆ ಅಂತೀರಿ? ನಲ್ಲಿ ಹತ್ತಿರ ಕೊಡ ತಳ್ಳಿದ ಪಕ್ಕದ ಮನೆಯಾಕೆಗಲ್ಲ. ಸೀಮೆಎಣ್ಣೆ ಇಲ್ಲ ಎಂದು ಬಾಗಿಲು ಹಾಕಿದ ಅಂಗಡಿಯವನಿಗೂ ಅಲ್ಲ. ಸಂತ ಪೇತ್ರರಿಗೆ! ಅದೂ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಪವಿತ್ರ ವಾರದಲ್ಲಿ, ಶಿಲುಬೆಯ ಮುಂದೆ ಮೇಣದ ಬತ್ತಿ ಹಚ್ಚಿಟ್ಟುಕೊಂಡು.

ತಪ್ಪು ಅವ್ವನದಲ್ಲ. ನನ್ನದೂ ಅಲ್ಲ. (ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ.)

ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ರಾತ್ರಿ ಶಾಲೆಯಲ್ಲಿ. ಹಾಗಾಗಿ ಓದುವ ಹುಚ್ಚು ಜಾಸ್ತಿ. ರಾಜಾಜಿನಗರದ ನಮ್ಮ ಪುಟ್ಟ ಮನೆಯಲ್ಲಿ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಬೈಬಲಿನಿಂದ ಆ ದಿನದ ವಾಚನ ಓದುವವನು ನಾನೇ. ಬಳಿಕ ಆ ದಿನದ ಸಂತರ ಕಥೆ. ಆಮೇಲೆ, ನಮ್ಮ ಚರ್ಚಿನ ಗುರುಗಳು ಹೇಳಿಕೊಟ್ಟಂತೆ, ಅದನ್ನು ಜೀವನಕ್ಕೆ ಅನ್ವಯಿಸಿಕೊಳ್ಳಬೇಕು.

ಅನ್ವಯಿಸುತ್ತೇವೆ, ಇಲ್ಲವೆಂದಲ್ಲ. ಆದರೆ ಯಾರಿಗೆ? ಕ್ಷಮೆಯ ವಾಚನ ಬಂದರೆ ಹೆಂಡತಿ ನನ್ನ ಮುಖ ನೋಡುತ್ತಾಳೆ. ಜಿಪುಣ ಸಾಹುಕಾರನ ಕಥೆ ಬಂದರೆ ನಾನು ಅವಳ ತವರಿನವರನ್ನು ನೆನೆಯುತ್ತೇನೆ. ದೇವರ ವಾಕ್ಯ ಎಂದರೆ ನಮಗೆ ಪಕ್ಕದವರ ಅಳತೆಗೆ ಹೊಲಿದ ಅಂಗಿ. ನಮ್ಮ ಮೈಗೆ ಎಂದೂ ಹಿಡಿಸುವುದಿಲ್ಲ.

ಇರಲಿ. ವಿಷಯಕ್ಕೆ ಬರುತ್ತೇನೆ.

ನನ್ನ ಅಣ್ಣನ ಹೆಸರು ರಾಯಪ್ಪ. ಕನಕಪುರದ ಕಡೆಯ ನಮ್ಮಂಥ ಕ್ರೈಸ್ತರಲ್ಲಿ ಪೀಟರ್ ಎಂದರೆ ರಾಯಪ್ಪ, ಪೌಲ್ ಎಂದರೆ ಚಿನ್ನಪ್ಪ. ತಾತಂದಿರ ಕಾಲದಿಂದ ಬಂದದ್ದು. ಹೆಸರು ಕೇಳಿದರೆ ಹೊರಗಿನವರಿಗೆ ನಮ್ಮ ಮತ ಯಾವುದೆಂದು ಗೊತ್ತಾಗುವುದಿಲ್ಲ. ಅಣ್ಣನಿಗೆ ಇದೇ ಅನುಕೂಲವಾಯಿತು. ಬಸವೇಶ್ವರನಗರದಲ್ಲಿ ಹೊಸ ಬಾಡಿಗೆ ಮನೆ ಹಿಡಿದ. ಓನರ್ ರಿಟೈರ್ಡ್ ಮೇಷ್ಟ್ರು. ಅವರು ಹೆಸರು ಕೇಳಿ ಸುಮ್ಮನಾದರು. ಅಣ್ಣನೂ ಸುಮ್ಮನಾದ.

ಪವಿತ್ರ ವಾರದ ಮೊದಲ ದಿನ, ಗರಿಗಳ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ ಅವ್ವ ಅಲ್ಲಿ ಕೊಟ್ಟ ಆಶೀರ್ವಾದದ ಗರಿಯಲ್ಲಿ ಒಂದು ಶಿಲುಬೆ ಹೆಣೆದಳು. ದೊಡ್ಡ ಮಗನ ಹೊಸ ಮನೆಯ ಬಾಗಿಲಿಗೆ ಸಿಕ್ಕಿಸಬೇಕಂತೆ. ನಾನೇ ಕರೆದುಕೊಂಡು ಹೋದೆ. ಅಣ್ಣ ಗೇಟಿನಲ್ಲೇ ನಿಂತಿದ್ದ. ಪಕ್ಕದಲ್ಲಿ ಮೇಷ್ಟ್ರು ಗಿಡಕ್ಕೆ ನೀರು ಹಾಕುತ್ತಿದ್ದರು.

“ಯಾರ್ರೀ ಇವರು, ರಾಯಪ್ಪನೋರೆ?” ಎಂದು ಕೇಳಿದರು ಮೇಷ್ಟ್ರು.

ಅಣ್ಣನ ಕಣ್ಣು ಅವ್ವನ ಕೈಲಿದ್ದ ಶಿಲುಬೆಯ ಮೇಲೆ ಬಿತ್ತು. “ಗೊತ್ತಿರೋರು ಸಾರ್. ನಮ್ಮೂರ ಕಡೆಯೋರು. ಹಿಂಗೇ ಬಂದವ್ರೆ.”

ಹೆತ್ತ ತಾಯಿ ಊರ ಕಡೆಯೋರು! (ನಾನೂ ಊರ ಕಡೆಯೋನೇ ಇರಬೇಕು. ನನ್ನ ವಿಷಯ ಯಾರೂ ಕೇಳಲಿಲ್ಲ.)

“ಊರೋರನ್ನ ಬಿಸಿಲಲ್ಲಿ ನಿಲ್ಲಿಸ್ತೀರೇನ್ರೀ? ಒಳಗೆ ಕರೀರಿ. ಬನ್ನಿ ಅಮ್ಮ, ಮಜ್ಜಿಗೆ ಕುಡೀರಿ,” ಎಂದರು ಮೇಷ್ಟ್ರು.

ಅವ್ವ ಶಿಲುಬೆಯನ್ನು ಸೆರಗಿನೊಳಗೆ ಸೇರಿಸಿದಳು. “ಬ್ಯಾಡಿ ಸ್ವಾಮಿ, ಬಸ್ಸಿಗೆ ಹೊತ್ತಾಯ್ತು,” ಎಂದು ತಿರುಗಿಯೇಬಿಟ್ಟಳು. ಮನೆಗೆ ಬಂದು ಹೇಳಿದ್ದು ಒಂದೇ ಮಾತು: “ಪಾಸ್ಕ ಹಬ್ಬಕ್ಕೆ ಅವನು ಇಲ್ಲಿಗೆ ಬಂದ್ರೆ ನಾನು ಊರಿಗೆ ಹೋಯ್ತೀನಿ.”

ಸೋಮವಾರ ಅಣ್ಣ ನಮ್ಮ ಫ್ಯಾಕ್ಟರಿ ಗೇಟಿಗೇ ಬಂದ. “ಏನೋ ಬಾಯಿ ತಪ್ಪಿ ಬಂತು ಕಣೋ. ಮನೆ ಸಿಗೋದು ಎಷ್ಟು ಕಷ್ಟ ನಿಂಗೇ ಗೊತ್ತು. ಹಬ್ಬಕ್ಕೆ ನಾವು ಬರ್ತೀವಿ, ಅವ್ವನ್ನ ಒಪ್ಸು. ನೀನು ದಿನಾ ಬೈಬಲ್ ಓದೋನಲ್ವಾ?”

ನೋಡಿ ಹೇಗಿದೆ! ಹೆತ್ತವಳನ್ನು ಊರ ಕಡೆಯೋರು ಎನ್ನುವವನು ಅವನು, ಒಪ್ಪಿಸಬೇಕಾದವನು ನಾನು.

ಆದರೂ ಮಂಗಳವಾರದ ವಾಚನ ತೆರೆದು ನೋಡಿದಾಗ ಹಿಗ್ಗಿದೆ. ಕೋಳಿ ಕೂಗುವ ಮೊದಲು ನೀನು ನನ್ನನ್ನು ಅರಿಯೆ ಎನ್ನುವೆ ಎಂದು ಯೇಸುಸ್ವಾಮಿ ಪೇತ್ರನಿಗೆ ಎಚ್ಚರಿಕೆ ಕೊಡುವ ಭಾಗ! ಅಲ್ಲಿಗೇ ನಿಲ್ಲಿಸಲಿಲ್ಲ ನಾನು. ಮುಂದೆ ನಡೆದದ್ದನ್ನೂ ಬಾಯಲ್ಲೇ ಹೇಳಿದೆ. ಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಚಳಿ ಕಾಯಿಸಿಕೊಳ್ಳುತ್ತಿದ್ದಾಗ ಒಬ್ಬ ಕೆಲಸದ ಹೆಂಗಸು ನೀನೂ ಅವನ ಜೊತೆಯವನಲ್ಲವೇ ಎಂದು ಕೇಳಿದ್ದು, ಪೇತ್ರ ಆ ಮನುಷ್ಯ ನನಗೆ ಗೊತ್ತೇ ಇಲ್ಲ ಎಂದದ್ದು, ಆಣೆ ಇಟ್ಟದ್ದು. ಆಗ ಬಿದ್ದದ್ದೇ ಆ ಬೈಗುಳ.

“ಯಾವನ್ಲಾ ಅವನು ಪೇತ್ರ? ಇಂಥೋನ್ನ ಪಕ್ಕದಲ್ಲಿ ಇಟ್ಕಂಡಿದ್ರಲ್ಲ ಸ್ವಾಮಿ! ನಮ್ಮ ಸಂತ ರಾಯಪ್ಪನೋರು ಎಲ್ಲೋಗಿದ್ರು ಆಗ? ಅವರಿದ್ದಿದ್ರೆ ಕಪಾಳಕ್ಕೆ ಬಿಡೋರು.”

“ಅವ್ವ, ಪೇತ್ರ ಅಂದ್ರೆ ರಾಯಪ್ಪನೋರೇ.”

“ಬಾಯ್ಮುಚ್ಚು. ಸ್ವರ್ಗದ ಬೀಗದಕೈನೇ ಕೊಟ್ಟವ್ರೆ ಅವರ ಕೈಗೆ!”

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಪೂಜೆ ಲ್ಯಾಟಿನ್ ಭಾಷೆಯಿಂದ ಕನ್ನಡಕ್ಕೆ ಬಂತು, ಬಹಳ ಸಂತೋಷ. ಆದರೆ ಹೊಸ ಪುಸ್ತಕದ ಪಂಡಿತರು ನಮ್ಮ ರಾಯಪ್ಪನನ್ನು ಪೇತ್ರ ಮಾಡುವಾಗ ನಮ್ಮ ಅವ್ವಂದಿರ ಕಿವಿಗೆ ಒಂದು ಮಾತು ಹಾಕಬಾರದಿತ್ತೇ? ಸಂತರ ಕಥೆ ಬರೆಯುವವರಾದರೂ ಏನು ಕಮ್ಮಿ? ಅವರ ಪ್ರಕಾರ ಸಂತರು ತೊಟ್ಟಿಲಲ್ಲೇ ಸಂತರು! ಪಟದಲ್ಲಿ ಬೀಗದಕೈ ಇರುತ್ತದೆ, ತಲೆಯ ಹಿಂದೆ ಬೆಳಕಿರುತ್ತದೆ. ರಾಯಪ್ಪನವರು ಹೆದರಿ ಸುಳ್ಳು ಹೇಳಿದ ಪಟ ಯಾರ ಮನೆಯ ಗೋಡೆ ಮೇಲಿದೆ ಹೇಳಿ?

ಕೊನೆಗೆ ಅಡುಗೆ ಒಲೆಯ ಕಡೆಯಿಂದ ನನ್ನ ಹೆಂಡತಿ, “ಹೌದು ಅತ್ತೆ, ಇಬ್ರೂ ಒಬ್ರೇ. ಗುರುಗಳೂ ಹಂಗೇ ಹೇಳಿದ್ರು,” ಎಂದ ಮೇಲೆ ಅವ್ವ ಮೆತ್ತಗಾದಳು. (ರಾತ್ರಿ ಶಾಲೆಗೆ ಹೋದವನು ನಾನು. ನಂಬುವುದು ಸೊಸೆಯನ್ನು!)

ಇದೇ ಸಮಯವೆಂದು ನಾನು ಅನ್ವಯಿಸಲು ಹೊರಟೆ.

“ನೋಡವ್ವ, ಅಂಥಾ ರಾಯಪ್ಪನೋರೇ ಹೆದರಿ ಗೊತ್ತಿಲ್ಲ ಅಂದ್ಬಿಟ್ರು. ಸ್ವಾಮಿ ಕೈ ಬಿಟ್ರಾ? ನಮ್ಮ ರಾಯಪ್ಪ ಯಾವ ಮಹಾ? ನೆನ್ನೆ ಫ್ಯಾಕ್ಟರಿ ತನಕ ಬಂದು ಕೇಳ್ಕೊಂಡ. ಹಬ್ಬಕ್ಕೆ ಬರ್ಲಿ ಬಿಡು.”

ಅವ್ವ ಕರಗಿ ಬಿದ್ದ ಮೇಣವನ್ನು ಉಗುರಿನಿಂದ ಕೆರೆದಳು.

“ಗೊತ್ತಿಲ್ಲ ಅಂದಾದ್ಮೇಲೆ ರಾಯಪ್ಪನೋರು ಏನ್ಮಾಡಿದ್ರು?”

“ಆಚೆ ಹೋಗಿ ಬಿಕ್ಕಿ ಬಿಕ್ಕಿ ಅತ್ರು ಅವ್ವ.”

“ಸರಿ. ನೆನ್ನೆ ನಿನ್ತಾವ ಬಂದಾಗ ನಿಮ್ಮಣ್ಣ ಅತ್ನಾ?”